ಹಂಚಿಕಡ್ಡಿಯ ಬಯಲು

ನಮ್ಮ ಮನೆಯಲ್ಲಿ ಜಗಳಕ್ಕೆ ಮಾತ್ರ ಎಂದೂ ಬರ ಇರಲಿಲ್ಲ. ಅಮ್ಮ ಒಲೆ ಹಚ್ಚುವ ಹೊತ್ತಿಗೆ ಶುರುವಾದ ಮಾತು ಮುದ್ದೆ ತೊಳಸುವಾಗ ಕಾವು ಏರಿ, ಸಾರಿಗೆ ಒಗ್ಗರಣೆ ಬೀಳುವ ಹೊತ್ತಿಗೆ ಬೀದಿಗೆ ಕೇಳುವಷ್ಟಾಗುತ್ತಿತ್ತು. ಒಂದು ಕಡೆ ಅಮ್ಮ, ಇನ್ನೊಂದು ಕಡೆ ಕೆಂಪತ್ತೆ. ಕೆಂಪತ್ತೆ ಅಂದರೆ ಅಪ್ಪನ ಸ್ವಂತ ಅಕ್ಕ. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಂದು ಮದುವೆ ಮಾಡಿಕೊಂಡ ಮೇಲೆ, ಕೆಂಗೇರಿಯಿಂದಾಚೆಯ ಅವನ ಊರನ್ನು ಬಿಟ್ಟು, ನಾನು ಹುಟ್ಟುವುದಕ್ಕೂ ಮುಂಚೆಯೇ ಮಾರೇನಹಳ್ಳಿಯ ನಮ್ಮ ಮನೆಗೆ ಬಂದುಬಿಟ್ಟಿದ್ದಳು. ತವರಿಗೆ ವಾಪಸು ಬಂದ ಹೆಣ್ಣು ದನಿ ತಗ್ಗಿಸಿಕೊಂಡು ಮೂಲೆಯಲ್ಲಿರಬೇಕು ಅನ್ನುವ ಕಾಲ ಅದು. ನಮ್ಮ ಅತ್ತೆಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡುವ ಧೈರ್ಯವೂ ಯಾರಿಗೂ ಇರಲಿಲ್ಲ. ಸಾರಿಗೆ ಹುಣಸೆಹಣ್ಣು ಜಾಸ್ತಿಯಾಯಿತೆಂದು ಅವಳು ಅಂದರೆ, ನಾಲಿಗೆ ಸರಿಯಿದ್ದವರಿಗೆ ಸರಿಯಾಗಿಯೇ ಇದೆ ಎಂದು ಅಮ್ಮ ಅನ್ನುತ್ತಿದ್ದಳು. ಆಮೇಲೆ ಇಬ್ಬರೂ ಒಂದೇ ಪಾತ್ರೆಯ ಸುತ್ತ ಕೂತು, ಅದೇ ಸಾರಿನಲ್ಲಿ ಮುದ್ದೆ ಮುರಿದು ಉಣ್ಣುತ್ತಿದ್ದರು. ಗಿರಣಿ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದ ಅಪ್ಪ, ಯಂತ್ರದ ಸದ್ದಿಗಿಂತ ಮನೆಯ ಸದ್ದೇ ಮೇಲು ಎಂದು ನಗುತ್ತಿದ್ದ.

ಅತ್ತೆಗೆ ಆ ದನಿ ಎಲ್ಲಿಂದ ಬಂತು ಎಂದು ಯೋಚಿಸಿದರೆ ನನಗೆ ಕಾಣುವುದು ಊರಿನ ಪಡುವಣಕ್ಕಿದ್ದ ನಮ್ಮ ಬಯಲು. ಅತ್ತಿಗುಪ್ಪೆಗೆ ಹೋಗುವ ಗಾಡಿ ಜಾಡಿನ ಪಕ್ಕದಲ್ಲಿ, ಕೆಂಪು ನೊರಜುಗಲ್ಲಿನ ಆ ನೆಲ ತಲೆತಲಾಂತರದಿಂದಲೂ ನಮ್ಮದೇ. ನೇಗಿಲು ಇಳಿಯದ ನೆಲ. ಮಣ್ಣು ಗೇಣುದ್ದ, ಅದರ ಕೆಳಗೆ ಬರೀ ಕಲ್ಲು. ರಾಗಿ ಬಿತ್ತಿ ನೋಡಿ ಸೋತ ತಾತ ಅದನ್ನು ಬೀಳು ಎಂದು ಕೈಬಿಟ್ಟಿದ್ದನಂತೆ. ಆದರೆ ಅಲ್ಲಿ ಹುಲ್ಲು ಬೆಳೆಯುತ್ತಿತ್ತು. ಒಂದು ಬಗೆಯದಲ್ಲ, ಹಲವು ಬಗೆಯದು. ತಗ್ಗಿನಲ್ಲಿ ಗರಿಕೆ, ದಿಣ್ಣೆಯ ಮೇಲೆ ಸೀರೆಗೆ ಚುಚ್ಚಿಕೊಂಡು ಮನೆತನಕ ಬರುವ ಊಬಿನ ಹುಲ್ಲು, ನಡುವೆ ಸೂರಿಗೆ ಹೊದಿಸುವ ಒರಟು ಹುಲ್ಲು, ಮತ್ತು ಉಳಿದ ಕಡೆಯೆಲ್ಲ ಹಂಚಿಕಡ್ಡಿ. ಪೊರಕೆ ಕಟ್ಟುವುದು ಇದರಿಂದಲೇ. ಅಂಚಿನಲ್ಲಿ ತಂಗಡಿ ಗಿಡ, ಅಲ್ಲೊಂದು ಇಲ್ಲೊಂದು ಮೋಟು ಜಾಲಿ. ಮರ ಎನ್ನುವಂಥದ್ದು ಒಂದೂ ಇರಲಿಲ್ಲ. ಆಷಾಢದ ಗಾಳಿಗೆ ಇಡೀ ಬಯಲು ಒಂದೇ ಕಡೆಗೆ ಬಾಗುತ್ತಿತ್ತು. ಭಾದ್ರಪದಕ್ಕೆ ತೆನೆ ಬಂದು ನಸುಗೆಂಪಾಗುತ್ತಿತ್ತು. ದೀಪಾವಳಿ ಕಳೆದ ಮೇಲೆ ಒಣಗಿ, ಬೆಳಗಿನ ಇಬ್ಬನಿಯಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ನೆಲಗುಬ್ಬಿಗಳು ಹುಲ್ಲಿನ ಬುಡದಿಂದ ನೆಟ್ಟಗೆ ಆಕಾಶಕ್ಕೆ ಏರಿ, ಅಲ್ಲೇ ನಿಂತು ಕೂಗಿ, ಕಲ್ಲು ಬಿದ್ದಂತೆ ಬಿದ್ದು ಮತ್ತೆ ಹುಲ್ಲಿನಲ್ಲಿ ಮಾಯವಾಗುತ್ತಿದ್ದವು. ಕಾಲಿಟ್ಟ ಕಡೆ ಗೌಜಲಹಕ್ಕಿಗಳು ಭರ್ರನೆ ಎದ್ದು ನನ್ನ ಎದೆ ಧಸಕ್ಕೆನ್ನುವಂತೆ ಮಾಡುತ್ತಿದ್ದವು. ಮೊಲ, ಮುಂಗುಸಿ, ಉಡ ಎಲ್ಲ ಇದ್ದವು. ನರಿಯೂ ಇತ್ತು, ಆದರೆ ಅದು ಅತ್ತೆಗೆ ಮಾತ್ರ ಕಾಣುತ್ತಿತ್ತು. ನಾನು ನೋಡುವಷ್ಟರಲ್ಲಿ ಅದರ ಬಾಲವೂ ಇರುತ್ತಿರಲಿಲ್ಲ.

ಆ ಬಯಲು ಅತ್ತೆಯದು. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ, ಯಾರೂ ಬೇರೆ ಮಾತಾಡಿರಲೂ ಇಲ್ಲ. ಮಾಗಿಯ ಚಳಿಯಲ್ಲಿ ಕುಡುಗೋಲು ಹಿಡಿದು ಹೋದರೆ ಬಿಸಿಲು ನೆತ್ತಿಗೆ ಬರುವವರೆಗೂ ಕೊಯ್ಯುತ್ತಿದ್ದಳು. ಕಡ್ಡಿಗಳನ್ನು ಹೊರೆ ಕಟ್ಟಿ ತಂದು ನಮ್ಮ ನಡುಮನೆಯ ಪಕ್ಕದ ಕೋಣೆಯಲ್ಲಿ ಒಟ್ಟುತ್ತಿದ್ದಳು. ಆ ಕೋಣೆಗೆ ಕಿಟಕಿ ಇರಲಿಲ್ಲ. ಬಾಗಿಲು ತೆಗೆದರೆ ಒಣಹುಲ್ಲಿನ ವಾಸನೆ ಮೈಮೇಲೆ ಬೀಳುತ್ತಿತ್ತು. ನಾನು ಮಲಗುತ್ತಿದ್ದದ್ದು ಅಲ್ಲೇ, ಅತ್ತೆಯ ಮಗ್ಗುಲಲ್ಲಿ. ಜಗುಲಿಯ ಮೇಲೆ ಕಾಲು ಚಾಚಿ ಕೂತು ಕಡ್ಡಿಯನ್ನು ಕುಟ್ಟಿ, ಹೊಟ್ಟು ಉದುರಿಸಿ, ತೆನೆಗಳನ್ನು ಒಂದು ಕಡೆ ಮಾಡಿ, ನೆನೆಸಿದ ನಾರಿನಿಂದ ಬಿಗಿದು ಕಟ್ಟುತ್ತಿದ್ದಳು. ಗಂಟು ಹಾಕುವಾಗ ನಾರಿನ ಒಂದು ತುದಿ ಅವಳ ಕಾಲ್ಬೆರಳಿನಲ್ಲಿ, ಇನ್ನೊಂದು ತುದಿ ಹಲ್ಲಿನಲ್ಲಿ. ಹಲ್ಲಿನಲ್ಲಿ ನಾರು ಇದ್ದಾಗ ಮಾತ್ರ ಅಮ್ಮನಿಗೆ ಜಗಳದಲ್ಲಿ ಗೆಲುವು. ಆಗ ರಾಜಾಜಿನಗರದ ಕಡೆ ಹೊಸ ಮನೆಗಳು ಏಳುತ್ತಿದ್ದ ಕಾಲ. ಗಾರೆ ನೆಲದ ಮನೆಗಳಿಗೆ ಒಳ್ಳೆಯ ಪೊರಕೆ ಬೇಕು. ಅತ್ತೆ ತಲೆಯ ಮೇಲೆ ಹೊರೆ ಹೊತ್ತು ಹೋದರೆ ಬರುವಾಗ ಎಣ್ಣೆ, ಬೆಲ್ಲ, ನನಗೊಂದು ರಿಬ್ಬನ್ನು, ಹಬ್ಬ ಬಂದರೆ ಅಮ್ಮನಿಗೊಂದು ರವಿಕೆಯ ಕಣ. ಅದನ್ನು ಅಮ್ಮನ ಕೈಗೆ ಕೊಡುತ್ತಿರಲಿಲ್ಲ, ಒಲೆಯ ಪಕ್ಕ ಎಸೆಯುತ್ತಿದ್ದಳು. ಬಣ್ಣ ಚೆನ್ನಾಗಿಲ್ಲವೆಂದು ಅಮ್ಮ ಅದಕ್ಕೂ ಒಂದು ಜಗಳ ತೆಗೆಯುತ್ತಿದ್ದಳು.

ಬಯಲಿಗೆ ವರ್ಷಕ್ಕೊಮ್ಮೆ ಬೆಂಕಿ ಕೊಡುವುದು ನಮ್ಮ ಮನೆಯ ಪದ್ಧತಿ. ಕೊಯ್ಲು ಮುಗಿದು, ಶಿವರಾತ್ರಿ ಕಳೆದು, ಯುಗಾದಿ ಇನ್ನೂ ಬರಬೇಕು ಅನ್ನುವಾಗ, ಗಾಳಿ ನಿಂತ ಒಂದು ಸಂಜೆ ಅತ್ತೆ ನಮ್ಮ ಒಲೆಯಿಂದ ಕೆಂಡವನ್ನು ಒಡೆದ ಮಡಕೆಯ ಚೂರಿನಲ್ಲಿ ತೆಗೆದುಕೊಂಡು ಹೊರಡುತ್ತಿದ್ದಳು. ಆವತ್ತು ಅಮ್ಮ ಬೇಗ ಅಡಿಗೆ ಮುಗಿಸಿ, ಒಲೆಗೆ ಅರಿಸಿನ ಕುಂಕುಮ ಇಟ್ಟು, ತಾನೇ ಕೆಂಡ ಆರಿಸಿ ಕೊಡುತ್ತಿದ್ದಳು. ವರ್ಷದಲ್ಲಿ ಅವರಿಬ್ಬರೂ ಜಗಳವಾಡದೆ ಇರುತ್ತಿದ್ದ ದಿನ ಅದೊಂದೇ ಇರಬೇಕು. ಮೊದಲು ನಾವೆಲ್ಲ ತಟ್ಟೆ ಬಡಿಯುತ್ತಾ ಬಯಲಿನ ಉದ್ದಕ್ಕೂ ನಡೆಯುತ್ತಿದ್ದೆವು, ಮೊಲ ಗಿಲ ಓಡಿಹೋಗಲಿ ಎಂದು. ಪಡುವಣದ ಅಂಚಿನ ಒಂದು ಪಟ್ಟಿಯನ್ನು ಹಾಗೇ ಬಿಡುತ್ತಿದ್ದೆವು, ಓಡಿದವು ಅಲ್ಲಿ ನಿಲ್ಲಲಿ ಎಂದು. ಬೆಂಕಿ ಒಣ ಕೂಳೆಯನ್ನು ಹಿಡಿದು ಚಿಟಚಿಟ ಅನ್ನುತ್ತಾ ಸಾಗಿದರೆ ಅಪ್ಪ ಹಸಿ ಹೊಂಗೆ ಸೊಪ್ಪಿನ ಕೊಂಬೆ ಹಿಡಿದು ಅಂಚಿನಲ್ಲಿ ಬಡಿಯುತ್ತಾ ನಡೆಯುತ್ತಿದ್ದ. ಹೊಗೆಯೊಳಗೆ ಕಾಜಾಣಗಳು ನುಗ್ಗಿ ಹಾರುವ ಹುಳುಗಳನ್ನು ಹಿಡಿಯುತ್ತಿದ್ದವು. ಮಾರನೆಯ ದಿನ ಬಯಲು ಸುಟ್ಟ ಬಾಣಲೆಯ ತಳ. ಭರಣಿ ಮಳೆ ಬಿದ್ದ ವಾರದೊಳಗೆ ಅದರ ಮೇಲೆಲ್ಲ ಹಸಿರು. ಆ ಎಳೆ ಹುಲ್ಲಿನ ನಡುವೆ ಅಣ್ಣೆಸೊಪ್ಪು ಏಳುತ್ತಿತ್ತು, ನಾನು ಮಡಿಲು ತುಂಬ ಕಿತ್ತು ತರುತ್ತಿದ್ದೆ. ಯಾಕೆ ಸುಡಬೇಕು ಎಂದು ನಾನು ಕೇಳಿದ್ದಕ್ಕೆ ಅತ್ತೆ, ನಮ್ಮ ಅಜ್ಜಿ ಸುಡುತ್ತಿದ್ದಳು, ಅವಳ ಅತ್ತೆಯೂ ಸುಡುತ್ತಿದ್ದಳಂತೆ ಎಂದಷ್ಟೇ ಹೇಳಿದಳು. ಅವಳಿಗೂ ಕಾರಣ ಗೊತ್ತಿರಲಿಲ್ಲ, ನಮಗ್ಯಾರಿಗೂ ಗೊತ್ತಿರಲಿಲ್ಲ. ಎಲ್ಲ ಎಡವಟ್ಟೂ ಆದದ್ದು ಅಲ್ಲೇ.

ನಾನು ಶಾಲೆಗೆ ಸೇರಿದ ಹೊಸತರಲ್ಲಿ, ಒಂದು ಕೊಯ್ಲಿನ ಕೊನೆಯಲ್ಲಿ, ಅತ್ತೆ ಬಯಲಿನಲ್ಲಿ ತಲೆ ತಿರುಗಿ ಬಿದ್ದಳು. ಬಿಸಿಲಿನ ಹೊಡೆತ. ಗಿರಣಿಯಿಂದ ಬರುತ್ತಿದ್ದ ಅಪ್ಪ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ತಾನು ತಳ್ಳಿಕೊಂಡು ಮನೆಗೆ ತಂದ. ಅಮ್ಮ ತಣ್ಣೀರು ಬಟ್ಟೆ ಹಾಕುತ್ತಾ, ಈ ವಯಸ್ಸಿನಲ್ಲಿ ಈ ಬಿಸಿಲು ಯಾಕೆ, ಹೊಟ್ಟೆಗೆ ಇಲ್ಲಿ ಇಲ್ಲವೇ ಎಂದು ಬಯ್ಯುತ್ತಲೇ ಇದ್ದಳು. ಅಕ್ಕ ಗಂಡನ ಮನೆ ಬಿಟ್ಟು ಬಂದ ದಿನದಿಂದಲೂ ತಾನು ಅವಳಿಗೆ ಏನೂ ಮಾಡಲಿಲ್ಲ ಅನ್ನುವ ಸಂಕಟ ಅಪ್ಪನಿಗೆ ಇತ್ತೆಂದು ಈಗ ನನಗೆ ಅನಿಸುತ್ತದೆ. ಸ್ವಾತಂತ್ರ್ಯ ಬಂದ ಹೊಸದು, ಎಲ್ಲೆಲ್ಲೂ ಗಿಡ ನೆಡಿ ಎನ್ನುವ ಉತ್ಸಾಹ. ಬೋಳು ನೆಲ ದೇಶಕ್ಕೆ ಅವಮಾನ ಎಂದು ಯಾರೋ ಅಧಿಕಾರಿ ಗಿರಣಿಗೆ ಬಂದು ಭಾಷಣ ಮಾಡಿದರಂತೆ. ಬೇಕೆಂದವರಿಗೆ ಸಸಿ ಕೊಟ್ಟರಂತೆ. ಆ ಮುಂಗಾರಿಗೆ ಅಪ್ಪ ಗಾಡಿ ತುಂಬ ಸರ್ವೆ ಸಸಿ, ಜೊತೆಗೆ ಒಂದಿಷ್ಟು ಹೊಂಗೆ ತಂದು ಬಯಲಿನ ಉದ್ದಗಲಕ್ಕೂ ಸಾಲು ಹಿಡಿದು ನೆಟ್ಟ.

"ಅಕ್ಕ, ಇನ್ನು ನಾಕೈದು ವರ್ಸ ತಡ್ಕೊ," ಎಂದ. "ಆಮೇಲೆ ನೀನು ನೆರಳಲ್ಲಿ ಕುಂತು ಹುಲ್ಲು ಕುಯ್ಯಬೋದು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಂಗೂ ನೆರಳು ಮಾಡೋರು ಒಬ್ರು ಅವ್ರೆ ಅಂತ ಆಯ್ತು ಬಿಡು," ಎಂದಳು.

ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ. ಬೇಸಿಗೆಯಲ್ಲಿ ಸಸಿ ಒಣಗದಿರಲೆಂದು ಕೆರೆಯಿಂದ ಕೊಡ ಹೊತ್ತು ನೀರು ಹಾಕಿದವಳು ಅವಳೇ. ದನ ಬಾಯಿ ಹಾಕದಿರಲೆಂದು ತಂಗಡಿ ಕೊಂಬೆಗಳನ್ನು ತಂದು ಪ್ರತಿ ಸಸಿಯ ಸುತ್ತ ಚುಚ್ಚಿದವಳೂ ಅವಳೇ. ಶಿವರಾತ್ರಿ ಕಳೆದು ಬೆಂಕಿ ಕೊಡುವ ಹೊತ್ತು ಬಂದಾಗ ಸಸಿಗಳು ಸುಟ್ಟುಹೋಗುತ್ತವೆ ಎಂದು ಅಪ್ಪ ಅಂದ. ಒಂದು ವರ್ಷ ಬಿಟ್ಟರೆ ಏನೂ ಆಗುವುದಿಲ್ಲ ಎಂದು ಅತ್ತೆ ತಾನೇ ಹೇಳಿದಳು. ಆ ಸಂಜೆ ಅಮ್ಮ ಅಭ್ಯಾಸಬಲದಿಂದ ಒಲೆಗೆ ಕುಂಕುಮ ಇಟ್ಟವಳು, ಕೆಂಡವನ್ನು ಬೂದಿಯಲ್ಲಿ ಮುಚ್ಚಿದಳು. ಮರುವರ್ಷವೂ ಬಿಟ್ಟೆವು. ಆಮೇಲೆ ಆ ಪದ್ಧತಿಯನ್ನು ಯಾರೂ ಜ್ಞಾಪಿಸಿಕೊಳ್ಳಲಿಲ್ಲ.

ಹುಲ್ಲು ಒಂದೇ ಸಲಕ್ಕೆ ಹೋಗಲಿಲ್ಲ, ಹೋಗಿದ್ದರೆ ನಮಗೆ ತಿಳಿಯುತ್ತಿತ್ತು. ಮೊದಲು ಹಳೆಯ ಹುಲ್ಲು ನೆಲಕ್ಕೆ ಒರಗಿ, ಕೊಳೆತು, ಹೊಸದರ ಮೇಲೆ ಚಾಪೆಯಂತೆ ಬಿದ್ದುಕೊಂಡಿತು. ಆಮೇಲೆ ಸರ್ವೆ ಎತ್ತರವಾಗಿ ತನ್ನ ಸೂಜಿಯಂಥ ಎಲೆಗಳನ್ನು ಉದುರಿಸಿ ಇನ್ನೊಂದು ಚಾಪೆ ಹಾಸಿತು. ಅದರ ಮೇಲೆ ನಡೆದರೆ ಕಾಲು ಜಾರುತ್ತಿತ್ತು, ಕೆಳಗೆ ಒಂದೇ ಒಂದು ಗರಿಯೂ ಮೇಲೇಳುತ್ತಿರಲಿಲ್ಲ. ಅಂಚಿನಲ್ಲಿ ಲಂಟಾನದ ಮುಳ್ಳುಪೊದೆ ಬಂತು. ಹಂಚಿಕಡ್ಡಿ ವರ್ಷದಿಂದ ವರ್ಷಕ್ಕೆ ಮೋಟಾಗುತ್ತಾ ಬಂದು, ಪೊರಕೆಗೆ ಸಾಲದಷ್ಟಾಯಿತು. ನೆಲಗುಬ್ಬಿಗಳು ಎಂದು ನಿಂತವೋ ನನಗೆ ಗೊತ್ತಿಲ್ಲ. ಇದ್ದ ಸದ್ದು ಕಿವಿಗೆ ಬೀಳುತ್ತದೆ, ನಿಂತ ಸದ್ದನ್ನು ಯಾರು ಕೇಳಿಸಿಕೊಳ್ಳುತ್ತಾರೆ. ನಾವೆಲ್ಲ ಮಳೆಯನ್ನು ಬಯ್ದೆವು. ಅಮ್ಮ ಯಾರದೋ ಕಣ್ಣು ಬಿದ್ದಿದೆ ಎಂದು ಬಯಲಿನ ಮೂಲೆಯಲ್ಲಿ ಬೂದುಗುಂಬಳ ಒಡೆಸಿದಳು. ಮರಗಳು ಮಾತ್ರ ಸೊಗಸಾಗಿ ಬೆಳೆದಿದ್ದವು. ಗಾಳಿ ಬಂದರೆ ಸುಯ್ ಎನ್ನುತ್ತಿದ್ದವು. ಅಪ್ಪ ಭಾನುವಾರ ಬಂದವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸುತ್ತಿದ್ದ.

ನಾನು ಮಿಡ್ಲ್‌ಸ್ಕೂಲಿಗೆ ಬಂದ ವರ್ಷ ಭೂಗೋಳದಲ್ಲಿ ಪ್ರಪಂಚದ ಹುಲ್ಲುಗಾವಲುಗಳು ಎಂಬ ಪಾಠ ಇತ್ತು. ಜಿರಾಫೆಯ ಚಿತ್ರವಿತ್ತು, ಕಾಡೆಮ್ಮೆಯಂಥ ದೊಡ್ಡ ಪ್ರಾಣಿಗಳ ಹಿಂಡಿನ ಚಿತ್ರವಿತ್ತು. ಒಂದು ರಜೆಯ ದಿನ ಅಪ್ಪ ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ, ಪರೀಕ್ಷೆ ಹತ್ತಿರ ಬಂದಿದ್ದರಿಂದ, ನಾನು ನಡುಮನೆಯಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಕಾಡು ಬೆಳೆಯುವಷ್ಟು ಮಳೆ ಇಲ್ಲದ, ಮರಳುಗಾಡಾಗುವಷ್ಟು ಕಡಿಮೆಯೂ ಇಲ್ಲದ ಸೀಮೆಗಳಲ್ಲಿ ಹುಲ್ಲು ಬೆಳೆಯುತ್ತದೆ. ಹುಲ್ಲಿನ ಜೀವ ನೆಲದ ಕೆಳಗಿರುವುದರಿಂದ ಮೇದರೂ ಸುಟ್ಟರೂ ಮತ್ತೆ ಚಿಗುರುತ್ತದೆ. ಅಲ್ಲಿನ ದನಗಾಹಿಗಳು ಮಳೆಗೆ ಮುಂಚೆ ಹಳೆಯ ಹುಲ್ಲಿಗೆ ಬೆಂಕಿ ಹಾಕುತ್ತಾರೆ, ಹಾಕದಿದ್ದರೆ ಪೊದೆಯೂ ಮರವೂ ಹಬ್ಬಿ, ನೆರಳು ಕವಿದು, ಹುಲ್ಲು ಸಾಯುತ್ತದೆ. ಪಾಠದಲ್ಲಿ ಇದ್ದದ್ದು ಸುಮಾರು ಇಷ್ಟು. ನಾನು ಗಿಳಿಪಾಠ ಒಪ್ಪಿಸುತ್ತಿದ್ದೆ, ಅರ್ಥದ ಕಡೆಗೆ ನನ್ನ ಗಮನವೇ ಇರಲಿಲ್ಲ. ಜಗುಲಿಯ ಮೇಲೆ ಅಳಿದುಳಿದ ಕಡ್ಡಿ ಕಟ್ಟುತ್ತಿದ್ದ ಅತ್ತೆ ಹಲ್ಲಿನಿಂದ ನಾರು ತೆಗೆದಳು.

"ಆ ಕೊನೇದು ಇನ್ನೊಂದ್ಸಲ ಓದು ಪುಟ್ಟಿ."

ಓದಿದೆ. ಅಪ್ಪನ ಕೈ ಮುದ್ದೆಯ ಮೇಲೇ ಇತ್ತು. ಅಮ್ಮ ಅವನ ಮುಖ ನೋಡಿದಳು, ಆಮೇಲೆ ಬಾಗಿಲಾಚೆ ಅತ್ತೆಯ ಬೆನ್ನು ನೋಡಿದಳು. ಅದು ಎಲ್ಲೋ ಆಫ್ರಿಕಾ ದೇಶದ ಮಾತು, ನಮ್ಮ ಕಡೆಗೆ ಅದು ಹೊಂದುವುದಿಲ್ಲ ಎಂದು ಮೆಲ್ಲಗೆ ಅಂದಳು. ಅಪ್ಪ ಕೈ ತೊಳೆದು, ಕೊಟ್ಟಿಗೆಗೆ ಹೋಗಿ ಕೊಡಲಿ ತೆಗೆದುಕೊಂಡು ಬಂದ. ಅತ್ತೆ ಎದ್ದು ಮೆಟ್ಟಿಲಿಗೆ ಅಡ್ಡ ನಿಂತಳು.

"ಕೊಡ್ಲಿ ಒಳಗಿಡೋ."

"ಬಿಡಕ್ಕ. ನಾನೇ ಹಾಕ್ದೋನು, ನಾನೇ ಕಡೀತೀನಿ."

"ಕಡುದ್ರೆ ಹುಲ್ಲು ಬತ್ತದೆ ಅಂತ ನಿಂಗೆ ಯಾರು ಹೇಳುದ್ರು? ಹುಲ್ಲೂ ಇಲ್ಲ, ಮರಾನೂ ಇಲ್ಲ ಅಂದ್ರೆ ನಾನು ಏನ್ ನೋಡ್ಕೊಂಡಿರ್ಲಿ?" ಎಂದಳು. ದನಿ ಗಟ್ಟಿಯಾಗಿಯೇ ಇತ್ತು. "ನಂಗೆ ಅಂತ ಒಬ್ರು ಮಾಡಿದ್ದು ಅದೊಂದೇ ಕಣೋ. ಅದ್ನ ಕಡೀಬೇಡ."

ಅಪ್ಪ ಕೊಡಲಿಯನ್ನು ಗೋಡೆಗೆ ಒರಗಿಸಿ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಗಂಡಸರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಯಾರ ಮೇಲೆ ಸಿಟ್ಟು ಮಾಡಬೇಕೋ ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ಭಾಷಣ ಮಾಡಿದ ಅಧಿಕಾರಿ ಕೂಡ ಒಳ್ಳೆಯದನ್ನೇ ಬಯಸಿದ್ದಿರಬೇಕು. ಕೆಡುಕು ಬಯಸಿದವನೊಬ್ಬ ಸಿಕ್ಕಿದ್ದರೆ ನಮಗೆಲ್ಲ ಎಷ್ಟೋ ಹಗುರವಾಗುತ್ತಿತ್ತು.

ಆವತ್ತಿನಿಂದ ಮನೆಯಲ್ಲಿ ಜಗಳ ನಿಂತಿತು. ಅದನ್ನು ನಿಲ್ಲಿಸಿದವಳು ಅಮ್ಮ. ಅತ್ತೆ ಈಗ ಪೊರಕೆ ಮಾರಲು ಹೋಗುತ್ತಿರಲಿಲ್ಲ, ಎಣ್ಣೆ ಬೆಲ್ಲ ತರುತ್ತಿರಲಿಲ್ಲ, ಹಗಲೆಲ್ಲ ಅಡಿಗೆಮನೆಯ ಹೊಸ್ತಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಲೋ ರಾಗಿ ಕೇರುತ್ತಲೋ ಇರುತ್ತಿದ್ದಳು. ಅಮ್ಮ ಅವಳಿಗೆ ಮೊದಲು ಬಡಿಸತೊಡಗಿದಳು. ಬಿಸಿ ಮುದ್ದೆ ಅವಳಿಗೆ, ತಂಗಳು ತನಗೆ. ಅತ್ತೆಯ ಸೀರೆ ಒಗೆದು ಹಾಕಿದಳು. ಪಕ್ಕದ ಕೋಣೆ ಹುಲ್ಲಿಲ್ಲದೆ ಖಾಲಿಯಾಗಿದ್ದರೂ ಅದರಲ್ಲಿ ಒಂದು ಮೂಟೆಯನ್ನೂ ಇಡದೆ, ಅತ್ತಿಗೆಯ ಕೋಣೆ ಎಂದು ಹಾಗೇ ಬಿಟ್ಟಳು. ಅಮ್ಮ ತುಂಬ ಒಳ್ಳೆಯವಳಾಗಿದ್ದಾಳೆ ಎಂದು ನಾನು ಹೆಮ್ಮೆಪಟ್ಟದ್ದು ಉಂಟು. ಅತ್ತೆ ಮಾತ್ರ ಇಳಿದುಹೋಗುತ್ತಿದ್ದಳು. ಬೇಕೆಂದೇ ಕೆಣಕುತ್ತಿದ್ದಳು. ಕಾಫಿಗೆ ಬೆಲ್ಲ ಕಮ್ಮಿ, ಒಲೆಗೆ ಸೌದೆ ಜಾಸ್ತಿ, ನನ್ನ ಜಡೆ ಸೊಟ್ಟ. ಅಮ್ಮ ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು. ಒಂದು ದಿನ ಉಪ್ಪುಸಾರು ಬಾಯಿಗೆ ಹಾಕಿಕೊಂಡ ಅತ್ತೆ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

"ಏನೇ ಇದು, ನಿಮ್ಮಪ್ಪನ ಮನೇಲಿ ಉಪ್ಪು ಪುಕ್ಸಟ್ಟೆ ಬತ್ತಿತ್ತಾ?"

ತವರಿನ ಹೆಸರು ಎತ್ತಿದರೆ ಅಮ್ಮ ಯಾವತ್ತೂ ಬಿಟ್ಟವಳಲ್ಲ. ನಾನು ಕಿವಿ ನಿಮಿರಿಸಿ ಕೂತೆ. ಅಮ್ಮ ತಲೆ ತಗ್ಗಿಸಿದಳು.

"ತಪ್ಪಾಯ್ತು ಅತ್ತಿಗೆ. ನಾಳೆಯಿಂದ ನೀವು ಹೇಳ್ದಷ್ಟೇ ಹಾಕ್ತೀನಿ."

ಅತ್ತೆ ಅಮ್ಮನ ಮುಖ ನೋಡಿದಳು. ಆಮೇಲೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಪೂರ್ತಿ ಉಂಡು ಎದ್ದಳು. ಆ ವಾರದಲ್ಲೇ ಬಟ್ಟೆ ಗಂಟು ಕಟ್ಟಿ, ಗಂಡನ ಮನೆಗೆ ಹೋಗುತ್ತೇನೆ ಎಂದಳು. ಇಷ್ಟು ವರ್ಷ ಆದ ಮೇಲೆ ಅಲ್ಲೇನಿದೆ, ಇಲ್ಲಿ ಏನು ಕಮ್ಮಿಯಾಗಿದೆ ಎಂದು ಅಪ್ಪ ಅಂಗಲಾಚಿದ. ಏನೂ ಕಮ್ಮಿ ಇಲ್ಲ, ಎಲ್ಲ ಜಾಸ್ತಿಯೇ ಆಯಿತು ಎಂದಳು. ನನ್ನ ಕೆನ್ನೆ ಹಿಂಡಿ, ಜಡೆ ಸೊಟ್ಟ ಎಂದು ಮತ್ತೊಮ್ಮೆ ಹೇಳಿ, ಗಂಟು ತಲೆಯ ಮೇಲಿಟ್ಟುಕೊಂಡು ಮೈಸೂರು ರಸ್ತೆಯ ಕಡೆಗೆ ನಡೆದುಬಿಟ್ಟಳು.

ಅಪ್ಪ ಅವಳ ಮಾತಿಗೆ ಕಟ್ಟುಬಿದ್ದು ಮರಗಳನ್ನು ಮುಟ್ಟಲಿಲ್ಲ. ಬಂದವರಿಗೆ ತೋರಿಸುವುದನ್ನು ಮಾತ್ರ ಬಿಟ್ಟ. ಕೆಲವು ವರ್ಷಗಳ ಮೇಲೆ ಬಡಾವಣೆಗೆಂದು ಆ ನೆಲ ಹೋಯಿತು, ಮರಗಳೂ ಹೋದವು, ಈಗ ಅಲ್ಲಿ ಮನೆಯ ಮೇಲೆ ಮನೆ. ರಾಜರಾಜೇಶ್ವರಿನಗರದ ನನ್ನ ಮಗಳ ಫ್ಲಾಟಿನಿಂದ ಮೆಟ್ರೋದಲ್ಲಿ ಅತ್ತಿಗುಪ್ಪೆ ದಾಟುವಾಗ ನಾನು ಕಿಟಕಿಯಾಚೆ ನೋಡುವುದಿಲ್ಲ. ಹೇಗೂ ಹೋಗಲಿದ್ದ ಬಯಲು ತಾನೇ ಎಂದು ಮಗಳು ಸಮಾಧಾನ ಹೇಳುತ್ತಾಳೆ. ಹೌದು, ಹೋಗುತ್ತಿತ್ತು. ಆದರೆ ಅದನ್ನು ಬೇರೆಯವರು ಕಿತ್ತುಕೊಂಡಿದ್ದರೆ ನಮ್ಮ ಅತ್ತೆ ಬೀದಿಯಲ್ಲಿ ನಿಂತು ಜಗಳವಾಡುತ್ತಿದ್ದಳು. ಮನೆಯವರ ಪ್ರೀತಿಯ ಎದುರಿಗೆ ಅವಳಿಗೆ ಬಾಯಿ ಇರಲಿಲ್ಲ. ನನ್ನ ಮನೆಯಲ್ಲಿ ಯಾರಾದರೂ ರೇಗಿದರೆ ನಾನು ರೇಗಿಯೇ ಉತ್ತರ ಕೊಡುತ್ತೇನೆ. ಯಾರಾದರೂ ನನ್ನೊಂದಿಗೆ ಅತಿಯಾಗಿ ಮೆದುವಾದರೆ ನನಗೆ ಭಯವಾಗುತ್ತದೆ. ಇದು ನಾನು ಆ ಅಡಿಗೆಮನೆಯಿಂದ ತಂದದ್ದು.

ಅತ್ತೆ ಹೋದ ಮರುವರ್ಷ ಅಮ್ಮ ನನ್ನನ್ನು ಕರೆದುಕೊಂಡು ಅವಳನ್ನು ನೋಡಲು ಹೋದಳು. ಕೆಂಗೇರಿಯಲ್ಲಿ ಬಸ್ಸು ಇಳಿದು ಹೊಲದ ಬದುವಿನ ಮೇಲೆ ನಡೆದೆವು. ಅಮ್ಮನ ಚೀಲದಲ್ಲಿ ಹುರಿಗಾಳು, ಒಂದು ಹೊಸ ಸೀರೆ. ಸವತಿಯ ಮನೆ, ಹೇಗಿದ್ದಾಳೋ, ಹೊಟ್ಟೆಗೆ ಹಾಕುತ್ತಾರೋ ಇಲ್ಲವೋ ಎಂದು ದಾರಿಯುದ್ದಕ್ಕೂ ಅಮ್ಮ ಕೊರಗುತ್ತಿದ್ದಳು. ಆ ಮನೆ ಕಣ್ಣಿಗೆ ಬೀಳುವ ಮುಂಚೆ ಕಿವಿಗೆ ಬಿತ್ತು. ಅಂಗಳದಲ್ಲಿ ಒಣಹಾಕಿದ್ದ ರಾಗಿಗೆ ಕೋಳಿ ಬಂದದ್ದು ಯಾರ ತಪ್ಪು ಎಂದು ಅತ್ತೆ ಒಂದು ಕಡೆಯಿಂದ ಕೂಗುತ್ತಿದ್ದಳು. ದಪ್ಪನೆಯ ಒಬ್ಬ ಹೆಂಗಸು, ಅವಳೇ ಸವತಿ, ಮೊರ ಹಿಡಿದುಕೊಂಡೇ, ಇಷ್ಟು ವರ್ಷ ಇಲ್ಲದಿದ್ದವಳಿಗೆ ಈಗ ಬಂದು ಯಜಮಾನಿಕೆ ಬೇಕಾಯಿತೇ ಎಂದು ಅದಕ್ಕಿಂತ ಗಟ್ಟಿಯಾಗಿ ಕೂಗುತ್ತಿದ್ದಳು. ನಮ್ಮನ್ನು ಕಂಡು ಇಬ್ಬರೂ ಸುಮ್ಮನಾದರು. ಸವತಿ ಮಜ್ಜಿಗೆ ತಂದಳು. ಅದು ನೀರಾಗಿದೆ ಎಂದು ಅತ್ತೆ ಅಂದಳು. ಬೇಕಾದರೆ ನೀನೇ ಕಡೆದುಕೊ ಎಂದು ಸವತಿ ಅಂದಳು. ಅತ್ತೆ ನಕ್ಕಳು. ಮೈ ಕೈ ತುಂಬಿಕೊಂಡಿದ್ದಳು, ದನಿ ವಾಪಸು ಬಂದಿತ್ತು. ಅಪ್ಪ ಹೇಗಿದ್ದಾನೆ, ಮರಗಳು ಹೇಗಿವೆ ಎಂದು ಕೇಳಿದಳು. ಚೆನ್ನಾಗಿವೆ ಎಂದೆವು. ಅಮ್ಮ ಸೀರೆ ಕೊಟ್ಟು, ಊರಿಗೆ ಬನ್ನಿ ಅತ್ತಿಗೆ ಎಂದು ಎರಡು ಕೈಯನ್ನೂ ಹಿಡಿದುಕೊಂಡಳು. ನೋಡೋಣ ಎಂದು ಅತ್ತೆ ಮೆಲ್ಲಗೆ ಕೈ ಬಿಡಿಸಿಕೊಂಡಳು.

ವಾಪಸು ಬರುವಾಗ ಅಮ್ಮ ಬದುವಿನ ಮೇಲೆ ನನ್ನ ಮುಂದೆ ಮುಂದೆ ನಡೆದಳು. ಬಸ್ಸಿಗೆ ಕಾಯುತ್ತಾ ರಸ್ತೆಬದಿಯ ಕಲ್ಲಿನ ಮೇಲೆ ಕೂತಾಗ ಅವಳ ಕಣ್ಣು ಕೆಂಪಾಗಿದ್ದದ್ದು ಕಾಣಿಸಿತು. ಅತ್ತೆ ಚೆನ್ನಾಗಿಯೇ ಇದ್ದಾರಲ್ಲ, ಯಾಕೆ ಅಳುತ್ತೀಯ ಎಂದು ಕೇಳಿದೆ.

"ಅದಕ್ಕೇ ಕಣೆ," ಎಂದಳು ಅಮ್ಮ. "ಆವತ್ತು ಉಪ್ಪಿನ ಮಾತಿಗೆ ನಾನು ಒಂದು ತಿರುಗ್ಸಿ ಅಂದಿದ್ರೆ, ಅವ್ರು ಇವತ್ತೂ ನಮ್ಮನೇಲೇ ಇರೋರು. ನಾನು ಒಳ್ಳೆಯವಳಾಗೋಕೆ ಹೋದೆ."